ಚುಕ್ಕಾಣಿಗೆ ಕೈ ಹಾಕಬಾರದು

ಕಲಿಯುವವರ ಕೈಯಿಂದ ಕೋಚ್ ಚುಕ್ಕಾಣಿ ಕಸಿಯಕೂಡದು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಮುಟ್ಟಬಹುದು. ತಪ್ಪು ಕಂಡರೆ ಪ್ರಶ್ನೆ ಕೇಳಿ, ಉತ್ತರ ಅವರ ಬಾಯಿಂದಲೇ ಬರಿಸಬೇಕು.

ಹಾಯಿದೋಣಿ ಕಲಿಸುವ ಕೋಚ್‌ಗಳಿಗೆ ದೇಶಕ್ಕೆಲ್ಲ ಒಂದೇ ಮಟ್ಟ ಗೊತ್ತುಮಾಡುವ ಸಮಿತಿಯಲ್ಲಿ ಕೂತು ನಾನು ಬರೆದ ನಿಯಮ ಇದು. ಬರೆದ ದಿನದಿಂದ ಅದನ್ನು ಮುರಿಯುವವರೇ ನನಗೆ ಗಂಟುಬೀಳುತ್ತಿದ್ದಾರೆ. ಪಾಲಿಸುವವರು ಸಿಗುವುದು ಬೆಳಗಿನ ಲೋಕಲ್ ಟ್ರೇನಿನಲ್ಲಿ ಕಿಟಕಿ ಸೀಟು ಸಿಕ್ಕಷ್ಟೇ ಅಪರೂಪ.

ಹಾಗೆಂದು ಕೈಬಿಡುವಂತೆಯೂ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ವಿದೇಶದಿಂದ ಪರೀಕ್ಷಕರೊಬ್ಬರು ಬರುವವರಿದ್ದರು. ಅವರ ಕಣ್ಣೆದುರು ಒಬ್ಬ ಕೋಚ್ ಆದರೂ ನಿಯಮ ಪಾಲಿಸಿ ತೋರಿಸಿದರೆ ನಮ್ಮ ಸರ್ಟಿಫಿಕೇಟಿಗೆ ಮಾನ್ಯತೆ. ಇಲ್ಲದಿದ್ದರೆ ನಾವು ಬರೆದದ್ದೆಲ್ಲ ವಡಾಪಾವ್ ಕಟ್ಟುವುದಕ್ಕೆ.

೧. ನೌಕಾಪಡೆಯ ಕೈ

ಮಲಾಡಿನ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ನಮ್ಮ ತಾಲೀಮು. ಮೊದಲ ಅಭ್ಯರ್ಥಿ ನೌಕಾಪಡೆಯಿಂದ ನಿವೃತ್ತರಾದ ಅಧಿಕಾರಿ. ಮೀಸೆಗೂ ಇಸ್ತ್ರಿ ಹಾಕಿಸಿಕೊಂಡು ಬಂದಂತಿದ್ದರು. ಕಲಿಯಲು ಕೂತವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ನಾನು ಜೆಟ್ಟಿಯ ಮೇಲೆ ನಿಂತು ಪೆನ್ನಿನ ಕ್ಯಾಪ್ ತೆಗೆಯುವಷ್ಟರಲ್ಲಿ ಚುಕ್ಕಾಣಿ ಇವರ ಕೈಯಲ್ಲಿತ್ತು.

"ಸರ್, ಕಸಿದುಕೊಂಡಿರಿ."

"ಕಸಿಯಲಿಲ್ಲ. ಆಕೆಯನ್ನು ಡ್ಯೂಟಿಯಿಂದ ಬಿಡುಗಡೆ ಮಾಡಿದೆ."

"ಜೀವಕ್ಕೆ ಅಪಾಯ ಏನಿತ್ತು? ದೋಣಿಯನ್ನು ಜೆಟ್ಟಿಗೆ ಕಟ್ಟಿದ ಹಗ್ಗ ಇನ್ನೂ ಹಾಗೇ ಇದೆಯಲ್ಲ?"

ಅವರು ಹಗ್ಗ ನೋಡಿದರು, ಹುಡುಗಿಯನ್ನು ನೋಡಿದರು. ಆಮೇಲೆ ತಣ್ಣಗೆ ಹೇಳಿದರು: "ಆಕೆಯ ಮುಖದಲ್ಲಿ ಹೊರಡುವ ಲಕ್ಷಣ ಕಾಣುತ್ತಿತ್ತು."

೨. ಮಂಗಳೂರಿನ ಕಾಲು

ಎರಡನೆಯವರು ಮಂಗಳೂರಿನವರು, ಹುಟ್ಟು ಈಜುಗಾರ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಯೋಗಿಯ ಹಾಗೆ ಕೂತರು. ಕಲಿಯುವವನ ಕೈಯಲ್ಲಿ ದೋಣಿ ನೂಲು ಹಿಡಿದಷ್ಟು ನೇರ ಹೋಯಿತು. ದೋಣಿಯಲ್ಲಿ ಎದುರು ಕೂತಿದ್ದ ನನಗೆ ಕಣ್ಣು ತುಂಬಿ ಬಂತು. ಬಗ್ಗಿ ನೋಡಿದರೆ, ಕೋಚ್ ಸಾಹೇಬರ ಎಡಗಾಲಿನ ಹೆಬ್ಬೆರಳು ಚುಕ್ಕಾಣಿಯನ್ನು ಅಮುಕಿ ಹಿಡಿದಿತ್ತು.

"ಇದೇನ್ರೀ ಇದು?"

"ರೂಲಿನಲ್ಲಿ ಕೈ ಅಂತ ಉಂಟು ಮಾರಾಯ್ರೆ. ಕಾಲು ಅಂತ ಎಲ್ಲಿ ಉಂಟು?"

ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್ಮಿನಲ್ಲಾದರೂ ಬೈಯುವುದನ್ನು ನಾನು ಮನೆಯಲ್ಲಿ ಕನ್ನಡದಲ್ಲೇ ಕಲಿತವನು. ಅದನ್ನೆಲ್ಲ ನುಂಗಿಕೊಂಡು ನಿಯಮ ತಿದ್ದಿದೆ: "ದೇಹದ ಯಾವ ಅಂಗದಿಂದಲೂ ಮುಟ್ಟಕೂಡದು." ಮುಂದಿನ ವಾರ ಅವರು ಚುಕ್ಕಾಣಿಗೆ ದಾರ ಕಟ್ಟಿಕೊಂಡು ಬಂದರು.

೩. ಅಧ್ಯಕ್ಷರ ದೋಸೆ

ಗೋರೆಗಾಂವ್ ಆಫೀಸಿನಲ್ಲಿ ಸಭೆ ಕರೆದೆ. ನಮ್ಮ ಅಧ್ಯಕ್ಷರು ಉಡುಪಿ ಕಡೆಯವರು, ಊರಿಡೀ ಹೋಟೆಲು ಇಟ್ಟವರು. ದೋಣಿ ಕಂಡದ್ದು ಕ್ಯಾಲೆಂಡರಿನಲ್ಲಿ. ಬೋರ್ಡಿನ ಮೇಲೆ ನಾನು ದೋಣಿಯ ಚಿತ್ರ ಬರೆದು, ಕಸಿಯುವುದು ಯಾಕೆ ತಪ್ಪು ಎಂದು ವಿವರಿಸುತ್ತಿದ್ದೆ.

"ನೋಡಿ, ಹೊಸ ಭಟ್ಟ ದೋಸೆ ಕರಟಿಸ್ತಾ ಇದ್ದರೆ ನಾನು ಸೌಟು ಕಸೀತೇನೆ," ಅಂದರು ಅಧ್ಯಕ್ಷರು. "ಗಿರಾಕಿ ಕಾಯ್ತಾ ಕೂತಿರುವಾಗ ಪ್ರಶ್ನೆ ಕೇಳ್ಲಿಕ್ಕೆ ಆಗ್ತದಾ?"

"ಹಾಗಾದರೆ ಭಟ್ಟ ಯಾವಾಗ ಕಲಿಯುತ್ತಾನೆ ಸರ್?"

"ಕಲಿತವನು ಪಕ್ಕದಲ್ಲೇ ಹೋಟೆಲು ಹಾಕ್ತಾನೆ. ಅದಕ್ಕೇ ಕಸಿಯುವುದು. ಇರಲಿ, ನಿಮ್ಮ ನಿಯಮ ಒಳ್ಳೇದೇ, ಒಪ್ಪಿಗೆ ಉಂಟು. ಆದರೆ ದೋಣಿ ಬರೆಯುವುದು ಹೀಗಲ್ಲ." ಎದ್ದು ಬಂದು ನನ್ನ ಕೈಯಿಂದ ಮಾರ್ಕರ್ ಕಸಿದುಕೊಂಡರು.

೪. ಪಿ.ಟಿ. ಟೀಚರ ಪರೀಕ್ಷೆ

ಕೊನೆಗೆ ಉಳಿದವರು ಮಲಾಡಿನ ಶಾಲೆಯೊಂದರ ಪಿ.ಟಿ. ಟೀಚರು. ವಿಜಯಪುರದ ಕಡೆಯವರು, ಸೀಟಿ ಇಲ್ಲದೆಯೇ ಸೀಟಿಯಂಥ ದನಿ. ಅವರ ಶಾಲೆಗೆ ಯಾರೋ ದಾನ ಕೊಟ್ಟ ಪುಟ್ಟ ಹಾಯಿದೋಣಿಗಳಿದ್ದವು. ಸರ್ಟಿಫಿಕೇಟ್ ಇರುವ ಕೋಚ್ ಇಲ್ಲದೆ ಹುಡುಗಿಯರನ್ನು ನೀರಿಗಿಳಿಸುವಂತಿರಲಿಲ್ಲ. "ದೋಣಿ ಬೋರಲು ಹಾಕಿ ಅದರ ಮ್ಯಾಲೆ ಹಪ್ಪಳ ಒಣಗಸಾಕತ್ತಾರ್ರಿ ಸರ. ಹುಡಿಗ್ಯಾರು ದಿನಾ ಕೇಳ್ತಾವ, ಯಾವಾಗ್ರಿ ಟೀಚರ್ ಅಂತ." ತಾಲೀಮಿನಲ್ಲಿ ಒಮ್ಮೆ ಅವರ ಕೈ ಚುಕ್ಕಾಣಿಯ ಕಡೆಗೆ ಹೋಗಿತ್ತು. ಮುಲಾಜಿಲ್ಲದೆ ಫೇಲ್ ಮಾಡಿದ್ದೆ. "ಇನ್ನ ಮ್ಯಾಲೆ ನೋಡ್ರಿ," ಅಂದು ಹೋಗಿದ್ದರು.

ಪರೀಕ್ಷಕರು ಬಂದ ದಿನ, ಕಲಿಯುವವನಾಗಿ ತಾನೇ ಕೂರುತ್ತೇನೆಂದು ಅಧ್ಯಕ್ಷರು ಹಟ ಹಿಡಿದರು. ಫೋಟೋ ಬರಬೇಕಲ್ಲ. ಹೊಚ್ಚ ಹೊಸ ಬಿಳಿ ಪ್ಯಾಂಟು ಬೇರೆ. ಅವರ ಪಕ್ಕ ಟೀಚರು. ಎದುರಿಗೆ ನಾನು, ಪರೀಕ್ಷಕರು; ಆಡಿದ್ದನ್ನೆಲ್ಲ ಅವರಿಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸವೂ ನನ್ನದೇ.

ಹಾಯಿದೋಣಿಯ ಚುಕ್ಕಾಣಿಗೆ ಒಂದು ಗುಣ ಉಂಟು: ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಎಡಕ್ಕೆ ಕೆಸರಿನ ದಿಬ್ಬ. ತಪ್ಪಿಸಲು ಅಧ್ಯಕ್ಷರು ಬಲಕ್ಕೆ ತಳ್ಳಿದರು. ದೋಣಿ ಸಂತೋಷದಿಂದ ಕೆಸರಿನ ಕಡೆ ತಿರುಗಿತು.

ಟೀಚರು ಶಾಂತವಾಗಿ ಕೇಳಿದರು: "ಸರ, ದೋಣಿ ಎತ್ತಾಗ ಹೊಂಟೈತ್ರಿ?"

"ಕೆಸರಿಗೆ, ಮಾರಾಯ್ತಿ."

"ನೀವು ಎತ್ತಾಗ ತಳ್ಳಾಕತ್ತೀರಿ?"

"ಬಲಕ್ಕೆ."

"ಹಂಗಾರ ಇದರಿಂದ ಏನ್ ತಿಳೀತೈತ್ರಿ?"

"ದೋಣಿ ಕೆಟ್ಟಿದೆ ಅಂತ ತಿಳೀತದೆ," ಅಂದು ಅಧ್ಯಕ್ಷರು ಇನ್ನಷ್ಟು ಬಲಕ್ಕೆ ತಳ್ಳಿದರು.

ದಿಬ್ಬದ ಮೇಲೆ ನಿಂತಿದ್ದ ಬೆಳ್ಳಕ್ಕಿ ನಮಗೆ ಜಾಗ ಮಾಡಿಕೊಟ್ಟಿತು. ನನಗೆ ತಡೆಯಲಾಗಲಿಲ್ಲ. "ಟೀಚರ್, ಹಿಡೀರಿ ಅದನ್ನ. ಇದು ನನ್ನ ಆರ್ಡರ್."

"ಜೀವಕ್ಕ ಅಪಾಯ ಇದ್ರ ಅಷ್ಟಽ ಅಂತ ನೀವಽ ಬರದೀರಲ್ರಿ ಸರ. ಇಲ್ಲಿ ನೀರು ಮೊಣಕಾಲತನಕ ಐತಿ. ಅಪಾಯ ಇರೋದು ಪ್ಯಾಂಟಿಗೆ."

ನಾನೇ ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದು, ತುಂಟ ಹುಡುಗನ ಕೈ ಎತ್ತಿಟ್ಟಂತೆ ನನ್ನ ಮಡಿಲಿಗೇ ವಾಪಸು ಇಟ್ಟರು.

"ಸರ್ಟಿಫಿಕೇಟಿಗೆ ಸಹಿ ಹಾಕುವವನು ನಾನು, ನೆನಪಿರಲಿ," ಅಂದರು ಅಧ್ಯಕ್ಷರು.

ಟೀಚರ ಮುಖ ಒಂದು ಕ್ಷಣ ಬಾಡಿತು. ಬೆರಳುಗಳು ಚಡಪಡಿಸಿದವು. ಆಮೇಲೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೇ ಭದ್ರವಾಗಿ ಕೂತುಬಿಟ್ಟರು.

ದೋಣಿ ಬೆಣ್ಣೆಗೆ ಚಾಕು ಹೊಕ್ಕಂತೆ ಕೆಸರಿಗೆ ಹೊಕ್ಕು ನಿಂತಿತು. ಬೈಯಲೆಂದು ಎದ್ದು ನಿಂತಿದ್ದ ಅಧ್ಯಕ್ಷರು ನಿಲ್ಲಲಿಲ್ಲ. ಪಕ್ಕದ ಕೆಸರಿನಲ್ಲಿ ಪದ್ಮಾಸನ ಹಾಕಿದರು. ಪರೀಕ್ಷಕರು ನನ್ನ ಕಡೆ ತಿರುಗಿ, "ಇಂಥ ಕೋಚ್ ನಮ್ಮಲ್ಲೂ ಇಲ್ಲ," ಅಂದು ಪಾಸ್ ಎಂದು ಬರೆದರು.

ಕೆಸರಿನಿಂದ ದನಿ ಬಂತು: "ಈಗಲಾದರೂ ಹಿಡಿ ಮಾರಾಯ್ತಿ. ಚುಕ್ಕಾಣಿ ಖಾಲಿ ಉಂಟಲ್ಲ."

ಟೀಚರು ಅಂಗೈಗಳನ್ನು ಇನ್ನೂ ಒಂದಿಷ್ಟು ಒಳಕ್ಕೆ ಸರಿಸಿಕೊಂಡು, ಅಧ್ಯಕ್ಷರ ಕಡೆ ಬಗ್ಗಿ, ಅಕ್ಕರೆಯಿಂದ ಕೇಳಿದರು: "ಸರ, ಈಗ ಹೇಳ್ರಿ, ಬ್ಯಾರೆ ಏನ್ ಮಾಡಿದ್ರ ಚೊಲೊ ಇತ್ತು ಅನ್ನಸ್ತೈತಿ?"