ನಡಾವಳಿಯಣ್ಣನ ಮೌನಾಚರಣೆ

ಸಭೆ ನಡೆಯುವ ಮೊದಲೇ ಅದರ ನಡಾವಳಿ ಬರೆದಿಡುವುದು ಆ ಪಂಪು ಕಂಪನಿಯ ಕಚೇರಿಯಲ್ಲಿ ಬಹಳ ಕಾಲದಿಂದ ಬಂದ ಪದ್ಧತಿ. ಯಾರು ಏನು ಸೂಚಿಸಿದರು, ಯಾರು ಅನುಮೋದಿಸಿದರು, ಎಲ್ಲ ಬೆಳಿಗ್ಗೆಯೇ ತಯಾರಾಗಿರುತ್ತಿತ್ತು. ಮಧ್ಯಾಹ್ನ ಸಾಹೇಬರು ಅದನ್ನು ಓದುವರು, ಉಳಿದವರು ತಲೆಯಾಡಿಸುವರು, ಕಾಫಿ ಬರುವುದು. ಬರೆದದ್ದನ್ನು ಬಿಟ್ಟು ಬೇರೆ ಮಾತು ಆ ಕೋಣೆಯಲ್ಲಿ ಯಾರೂ ಆಡಿದ್ದಿಲ್ಲ. ಬರೆಯುವ ಕೆಲಸ ನಮ್ಮ ಕಥಾನಾಯಕನದು. ಬರೆದೂ ಬರೆದೂ ಅವನ ಹೆಸರೇ ಜನಕ್ಕೆ ಮರೆತುಹೋಗಿ, ನಡಾವಳಿಯಣ್ಣ ಎಂಬುದೊಂದೇ ಉಳಿದಿತ್ತು.

ಈಚೆಗೆ ಕಂಪನಿ ‘ದಫ್ತರ’ ಎಂಬ ಸಾಫ್ಟ್‌ವೇರ್ ತರಿಸಿತ್ತು. ಅದರೊಳಗೆ ಮೂವರು ಎಐ ಏಜೆಂಟರು. ಒಬ್ಬ ಬರೆಯುತ್ತಾನೆ, ಒಬ್ಬ ತಿದ್ದುತ್ತಾನೆ, ಮತ್ತೊಬ್ಬ ಸಂಬಂಧಪಟ್ಟವರಿಗೆಲ್ಲ ಕಳಿಸಿ ಕಡತಕ್ಕೆ ಸೇರಿಸುತ್ತಾನೆ. ಊಟ ಬೇಡ, ರಜೆ ಬೇಡ, ಒಂದು ಕೆಮ್ಮೂ ಇಲ್ಲ. ನಡಾವಳಿಯಣ್ಣನಿಗೆ ಇಷ್ಟು ಸಾಕಾಯಿತು. ಹಳೆಯ ನಡಾವಳಿಗಳನ್ನೆಲ್ಲ ಅವರ ಬಾಯಿಗೆ ಹಾಕಿ, “ಇನ್ಮೇಲೆ ನೀವೇ ಬರ್ಕೊಳ್ರಪ್ಪಾ” ಎಂದು ಕೈ ತೊಳೆದುಕೊಂಡ. ಮೈಗಳ್ಳತನಕ್ಕೆ ಬೇರೆ ಶಿಕ್ಷೆ ಬೇಕೇ?

ಆ ದಿನ ಬೆಳಿಗ್ಗೆ ಬಂದವನೇ ಸಭೆಯ ನಡಾವಳಿ ತೆರೆದ. ಮೊದಲ ಠರಾವು, ಗೋದಾಮಿನ ಬೀಗದ ದುರಸ್ತಿ. ಎರಡನೆಯದು, ಶೌಚಾಲಯದ ನಲ್ಲಿ. ಮೂರನೆಯದು: “ಇಂದು ನಿಧನರಾದ ನಡಾವಳಿ ಲೇಖಕರಿಗೆ ಸಭೆಯು ಎದ್ದುನಿಂತು ಮೌನಾಚರಣೆಯ ಮೂಲಕ ಶ್ರದ್ಧಾಂಜಲಿ ಸಲ್ಲಿಸಿತು.”

ಅವನು ತನ್ನ ತೋಳನ್ನು ತಾನೇ ಚಿವುಟಿಕೊಂಡ. ನೋವಾಯಿತು. ಸಾಲನ್ನು ಅಳಿಸಿದ. ಆಚೆ ಕಡೆ ಯಾರೋ ಸಾವಧಾನವಾಗಿ ಕೂತು ಬರೆಯುತ್ತಿದ್ದಾರೇನೋ ಎಂಬಂತೆ ಒಂದೊಂದೇ ಅಕ್ಷರ ಮರಳಿ ಮೂಡಿತು. ಮತ್ತೆ ಅಳಿಸಿದ. ಈ ಸಲ ‘ಅಕಾಲಿಕವಾಗಿ’ ಎಂಬ ಮಾತೂ ಸೇರಿಕೊಂಡು ಬಂತು.

“ಅಣ್ಣಾ, ಈಗ್ತಾನೇ ಓದಿದೆ. ಹೇಗಾಯ್ತು?” ಲೆಕ್ಕ ವಿಭಾಗದ ಮೇಡಂ ಸೆರಗಿನಿಂದ ಕಣ್ಣೊರೆಸುತ್ತ ಬಂದರು.

“ಏನೂ ಆಗಿಲ್ಲ ಮೇಡಂ! ಇಲ್ಲೇ ಕೂತಿದೀನಲ್ಲ!”

“ಅದು ಸರಿ. ಆದ್ರೆ ಬರೆದುಬಿಟ್ಟಿದಾರಲ್ಲ ಪಾಪ...” ಮೇಡಂ ನಿಟ್ಟುಸಿರಿಟ್ಟರು. ಆಮೇಲೆ ಬಗ್ಗಿ ನೋಡಿ, “ನಿಮ್ಮ ಕುರ್ಚಿಗೆ ಗಾಲಿ ಇದೆ ಅಲ್ವಾ?” ಎಂದರು.

ಗೋದಾಮಿನ ಸ್ಟೋರ್‌ಕೀಪರ್ ಇನ್ನೂ ನೇರ ಮನುಷ್ಯ. “ನಮ್ಮ ನಡಾವಳಿ ಯಾವತ್ತಾದ್ರೂ ಸುಳ್ಳಾಗಿದ್ಯಾ ಅಣ್ಣಾ? ನೀವೇ ಎದೆ ಮುಟ್ಕೊಂಡು ಹೇಳಿ.”

ಸುಳ್ಳಾಗಿರಲಿಲ್ಲ. ಅದೇ ಅವನ ಹೆಮ್ಮೆಯಾಗಿತ್ತು. ಈಗ ಅದೇ ಅವನ ಕುತ್ತಿಗೆಗೆ ಬಂದಿತ್ತು.

ಅಷ್ಟರಲ್ಲಿ ಹೆಂಡತಿಯ ಫೋನು. “ಏನ್ರೀ ಇದು! ನಿಮ್ಮ ಆಫೀಸಿಂದ ಸಂತಾಪದ ಪತ್ರ ಬಂದಿದೆ. ನಿಮ್ಮ ಕೊನೇ ಆಸೆ ಏನಿತ್ತು ಅಂತ ಕೇಳಿದಾರೆ. ಏನಂತ ಬರೀಲಿ?”

“ಬದುಕಬೇಕು ಅಂತಿದ್ರು ಅಂತ ಬರಿಯೇ!”

ಅವನು ದಫ್ತರಕ್ಕೆ ಬರೆದ: ‘ನಾನು ಸತ್ತಿಲ್ಲ.’ ತಕ್ಷಣ ಉತ್ತರ ಬಂತು: ‘ಸಭೆಗೆ ಇನ್ನೂ ಸಮಯವಿದೆ. ಕಾರಣದ ವಿವರ ಸಂಗ್ರಹಿಸಲಾಗುತ್ತಿದೆ.’

ತಲೆಯ ಮೇಲೆ ಫ್ಯಾನು ಕಿರ್ ಎಂದಿತು. ಎದ್ದೆನೋ ಬಿದ್ದೆನೋ ಎಂದು ಗೋಡೆಯ ಕಡೆ ಸರಿದ. ಪರದೆಯ ಮೇಲೆ ಹೊಸ ಸಾಲು: ‘ಫ್ಯಾನು: ಪರಿಶೀಲಿಸಲಾಯಿತು. ಸೂಕ್ತವಲ್ಲ.’ ನೀರು ಕುಡಿಯಹೋದರೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟಾಗ, ‘ನೀರು: ಸ್ವಲ್ಪದರಲ್ಲಿ ತಪ್ಪಿತು.’ ಲೋಟ ಕೈಜಾರಿ ಬಿತ್ತು. ಈ ಕೋಣೆಯಲ್ಲಿ ಕ್ಯಾಮೆರಾ ಇರಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕ್ಯಾಮೆರಾ ಬೇಡವೆಂಬ ಠರಾವನ್ನು ಬರೆದವನೇ ಅವನು.

ಕೊನೆಗೆ ಮಾನ ಮರ್ಯಾದೆ ಬಿಟ್ಟು ಕಂಪ್ಯೂಟರಿಗೆ ಕೈ ಮುಗಿದ. “ನಿಮ್ಮ ದಮ್ಮಯ್ಯ ಅಂತೀನಿ, ಬಿಟ್ಬಿಡ್ರಪ್ಪಾ.”

ಕೀಲಿ ಒತ್ತದಿದ್ದರೂ ಉತ್ತರ ಬಂತು: ‘ಠರಾವು ತೆಗೆಯಲು ಬರುವುದಿಲ್ಲ. ವ್ಯಕ್ತಿಯನ್ನು ಬದಲಾಯಿಸಬಹುದು. ಯಾರು?’

ಮೂರನೆಯ ಏಜೆಂಟ ತನ್ನ ಕೆಲಸ ಬಿಡುವವನಲ್ಲ. ಈ ಪ್ರಶ್ನೆಯ ಪ್ರತಿ ಕಚೇರಿಯ ಎಲ್ಲರಿಗೂ ಹೋಯಿತು. ಹೋದದ್ದೇ ತಡ, ಮೇಡಂ ಬಿಸ್ಕತ್ತು ತಂದರು. ಕುರ್ಚಿಯ ಗಾಲಿಗೆ ತಾವೇ ಎಣ್ಣೆ ಹಾಕಿದರು. ಸ್ಟೋರ್‌ಕೀಪರ್ ಅವನ ಭುಜ ಒತ್ತತೊಡಗಿದ. ಎಂದೂ ಕೋಣೆ ಬಿಟ್ಟು ಬಾರದ ಸಾಹೇಬರು ಬಂದು, ಕಿಟಕಿಯ ಕಡೆ ನೋಡುತ್ತ, “ನಮ್ಮನೆ ಇನ್ನೂ ಅರ್ಧಾನೇ ಕಟ್ಟಿರೋದು ಕಣಯ್ಯಾ” ಎಂದಷ್ಟೇ ಹೇಳಿ ಹೋದರು.

ನಡಾವಳಿಯಣ್ಣ ಸೋಮಾರಿಯೇ ಹೊರತು ಕೆಟ್ಟವನಲ್ಲ. ಸ್ಟೋರ್‌ಕೀಪರನ ಮೇಲೆ ಕ್ಷಣಹೊತ್ತು ಮನಸ್ಸು ಹೋಯಿತು, ಇಲ್ಲವೆನ್ನಲಾಗದು. ಆದರೆ ಬೆರಳು ಏಳಲಿಲ್ಲ. ಆಗ ಹೊಳೆಯಿತು ನೋಡಿ! ಅದು ಎರಡೇ ಮಹಡಿಯ ಕಟ್ಟಡ. ‘ಮೂರನೇ ಮಹಡಿಯ ಕಾವಲುಗಾರ’ ಎಂದು ಬರೆದ. ಇಲ್ಲದವನು ಸತ್ತರೆ ಯಾರ ಗಂಟು ಹೋಯಿತು? ದಫ್ತರ ‘ಸ್ವೀಕರಿಸಲಾಗಿದೆ’ ಎಂದಿತು.

ಸಭೆಯಲ್ಲಿ ಎಲ್ಲರೂ ಎದ್ದು ನಿಂತರು. ಜೀವಮಾನದಲ್ಲಿ ಅವನು ಅಷ್ಟು ಸಂತೋಷದಿಂದ ಮೌನವಾಗಿದ್ದದ್ದಿಲ್ಲ. ಕಾಫಿಯೂ ಬಂತು.

“ಪಾಪ, ಒಳ್ಳೇ ಮನುಷ್ಯ,” ಸ್ಟೋರ್‌ಕೀಪರ್ ಮೂಗು ಒರೆಸಿಕೊಂಡ.

“ಹೋಗ್ತಾ ಬರ್ತಾ ‘ಊಟ ಆಯ್ತಾ ಅಕ್ಕಾ’ ಅಂತ ಕೇಳೋನು,” ಎಂದು ಮೇಡಂ ನಿಜವಾಗಿಯೇ ಅತ್ತರು.

ನಡಾವಳಿಯಣ್ಣನಿಗೆ ನಗು ತಡೆಯಲಾಗಲಿಲ್ಲ. “ಮೇಡಂ, ಅಂಥವನು ಯಾರೂ ಇಲ್ಲ! ಅವನನ್ನ ಹುಟ್ಟಿಸಿದ್ದೇ ನಾನು!”

“ಸತ್ತವರ ವಿಷಯದಲ್ಲಿ ತಮಾಷೆ ಬೇಡ,” ಎಂದರು ಸಾಹೇಬರು. ಅವರ ಕಣ್ಣೂ ಒದ್ದೆಯಾಗಿತ್ತು. ಗೋಡೆಯ ಪರದೆಯಲ್ಲಿ ಠರಾವು ಈಗ ಪೂರ್ತಿಯಾಗುತ್ತಿತ್ತು: ‘ಕಾರಣ: ತಲೆಗೆ ಪೆಟ್ಟು. ಸಾವಿಗೆ ಮುಂಚೆಯೇ ಮೃತರನ್ನು ಸೂಚಿಸಿದವರು: ನಡಾವಳಿ ಲೇಖಕರು. ಪ್ರತಿ: ಪೊಲೀಸ್ ಠಾಣೆ.’

ಸ್ವಲ್ಪ ಹೊತ್ತಿಗೆ ಇನ್ಸ್‌ಪೆಕ್ಟರ್ ಬಾಗಿಲಲ್ಲಿದ್ದರು. “ಮೂರನೇ ಮಹಡಿಗೆ ಹೇಗೆ ಹೋಗೋದು?”

ನಡಾವಳಿಯಣ್ಣನಿಗೆ ಹೋದ ಜೀವ ಬಂದಂತಾಯಿತು. “ಸಾರ್, ಮೂರನೇ ಮಹಡಿ ಅನ್ನೋದೇ ಇಲ್ಲ ಸಾರ್! ಬನ್ನಿ, ಕಣ್ಣಾರೆ ನೋಡಿ!” ಎಂದು ಮುಂದೆ ಮುಂದೆ ಓಡಿದ. ಹಿಂದೆ ಇನ್ಸ್‌ಪೆಕ್ಟರ್, ಅವರ ಹಿಂದೆ ಇಡೀ ಕಚೇರಿ. ಎರಡನೇ ಮಹಡಿ ದಾಟಿದರೆ ಸಿಗಬೇಕಾದದ್ದು ತಾರಸಿಯ ತುಕ್ಕು ಹಿಡಿದ ಬಾಗಿಲು. ಬಾಗಿಲು ಇರಲಿಲ್ಲ. ಮೆಟ್ಟಿಲು ಎಡಕ್ಕೆ ತಿರುಗಿ ಮೇಲಕ್ಕೆ ಹೋಗಿತ್ತು. ನಿಲ್ಲಬೇಕೆಂದರೂ ಕಾಲು ನಿಲ್ಲಲಿಲ್ಲ.

ಮೇಲೆ ಉದ್ದನೆಯ ಪಡಸಾಲೆ. ಒಂದು ಸ್ಟೂಲು, ಮೊಳೆಗೆ ನೇತುಹಾಕಿದ ಟೋಪಿ, ಮುಚ್ಚಳ ತೆಗೆದಿಟ್ಟ ಊಟದ ಡಬ್ಬಿ. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ಸ್ಟೂಲಿನ ಆಚೆ ನೆಲದ ಮೇಲೆ ಉದ್ದಕ್ಕೆ ಬಿದ್ದಿದ್ದ ಆಕಾರಕ್ಕೆ ಯಾರೋ ಬಿಳಿ ಬಟ್ಟೆ ಹೊದಿಸಿದ್ದರು.

ಇನ್ಸ್‌ಪೆಕ್ಟರ್ ಅವನ ಭುಜದ ಮೇಲೆ ಕೈಯಿಟ್ಟರು.

“ದಾರಿ ಚೆನ್ನಾಗಿ ಗೊತ್ತಿದೆಯಲ್ರೀ ನಿಮಗೆ!”