ಆಸ್ಪತ್ರೆ ರಸ್ತೆಯ ಶೇಕಡಾ ನಲವತ್ತರ ಸುಧಾರಣೆ

ರಸ್ತೆ ಗುಣಮಟ್ಟ ನಿರ್ಣಯ ನಿಯಮಾವಳಿಯ ಮೊದಲನೆಯ ನಿಯಮ ಹೀಗಿದೆ: "ಯಾವುದೇ ರಸ್ತೆಯ ಗುಣಮಟ್ಟವನ್ನು ಸದರಿ ರಸ್ತೆಯ ಮೇಲೆ ಇಲಾಖೆಯ ವಾಹನವು ತೋರಿದ ಸಾಮರ್ಥ್ಯದಿಂದ ಅಳೆಯತಕ್ಕದ್ದು." ಎರಡನೆಯ ನಿಯಮ ಇಲ್ಲ. ಒಂದೇ ಸಾಕು ಎಂದು ಬರೆದವರಿಗೆ ಅನಿಸಿರಬೇಕು. ಅವರ ಅನಿಸಿಕೆ ತಪ್ಪಾಗಿರಲಿಲ್ಲ.

ಇಲಾಖೆಯ ಹಳೆಯ ಜೀಪು ಬದುಕಿರುವ ತನಕ ಈ ನಿಯಮದಿಂದ ಯಾರಿಗೂ ತೊಂದರೆಯಾಗಲಿಲ್ಲ. ಜೀಪು ಎಲ್ಲ ರಸ್ತೆಯ ಮೇಲೂ ಒಂದೇ ವೇಗದಲ್ಲಿ ತೆವಳುತ್ತಿದ್ದುದರಿಂದ ಊರಿನ ರಸ್ತೆಗಳೆಲ್ಲ ಒಂದೇ ದರ್ಜೆಯಲ್ಲಿ ಅಣ್ಣತಮ್ಮಂದಿರ ಹಾಗೆ ಅನ್ಯೋನ್ಯವಾಗಿದ್ದವು. ಒಂದು ದಿನ ಆಸ್ಪತ್ರೆ ರಸ್ತೆಯ ಹೊಂಡವೊಂದರಲ್ಲಿ ಜೀಪಿನ ತಳ ಕಳಚಿ ಬಿತ್ತು. ಅದನ್ನು ವರ್ಷಗಟ್ಟಲೆ ಓಡಿಸಿ ಜೀಪಣ್ಣ ಎಂದೇ ಹೆಸರಾಗಿದ್ದ ಚಾಲಕ, ಜನ ಬಂದು ನೋಡುವ ಹೊತ್ತಿಗೆ, ಸ್ಟಿಯರಿಂಗ್ ಹಿಡಿದುಕೊಂಡೇ ನೆಲದ ಮೇಲೆ ನಿಂತಿದ್ದ.

ಆಸ್ಪತ್ರೆ ರಸ್ತೆಯ ಜವಾಬ್ದಾರಿ ಇಲಾಖೆಯ ಕಿರಿಯ ಇಂಜಿನಿಯರಮ್ಮನದು. ಅವಳ ಮನೆಯೂ ಅದೇ ರಸ್ತೆಯಲ್ಲಿತ್ತು, ಆಸ್ಪತ್ರೆ ಇರುವ ತುದಿಯಲ್ಲಲ್ಲ, ಈಚೆ ತುದಿಯಲ್ಲಿ. ಮನೆಯಲ್ಲಿ ಸೊಂಟ ಮುರಿದುಕೊಂಡ ಅತ್ತೆ ಇದ್ದರು. ಮೂಳೆಯನ್ನು ಡಾಕ್ಟರು ಕೂಡಿಸಿದ್ದರು. ಇನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಯಂತ್ರದ ಮೇಲೆ ವ್ಯಾಯಾಮ ಮಾಡಿದರೆ ಅತ್ತೆ ಮತ್ತೆ ನಡೆದಾಡುತ್ತಾರೆ, ಇಲ್ಲದಿದ್ದರೆ ಇಲ್ಲ ಎಂದಿದ್ದರು. ಒಮ್ಮೆ ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿಯೂ ಆಗಿತ್ತು. ಡಾಕ್ಟರು ಹೊಸ ಎಕ್ಸರೇ ನೋಡಿ, "ನಾನು ಕೂಡಿಸಿದ್ದನ್ನ ನಿಮ್ಮ ರಸ್ತೆ ಬಿಡಿಸಿದೆ. ರಸ್ತೆ ಸರಿಯಾಗೋವರೆಗೂ ಇವರನ್ನ ಕರ್ಕೊಂಡು ಬರಬೇಡಿ" ಎಂದುಬಿಟ್ಟರು.

ಅಂದಿನಿಂದ ಅತ್ತೆ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ರಸ್ತೆ ಕಾಯತೊಡಗಿದರು.

"ಊರಲ್ಲಿರೋ ರಸ್ತೆಗೆಲ್ಲ ಸೈನು ಹಾಕ್ತೀಯಂತೆ. ನಮ್ಮನೆ ಮುಂದಿನ ಹೊಂಡಕ್ಕೂ ನಿಂದೇ ಸೈನೇನೇ?" ಎಂದು ಅವಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು.

"ಪ್ರಸ್ತಾವನೆ ಕಳಿಸಿದೀನಿ ಅತ್ತೆ."

"ಪ್ರಸ್ತಾವನೆ ಮೇಲೆ ಕಾಲಿಟ್ಟು ನಡೀಲಾ?"

ಇಂಥ ಮಾತು ಶುರುವಾದಾಗ ಇಂಜಿನಿಯರಮ್ಮನ ಗಂಡ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದ.

ಪ್ರಸ್ತಾವನೆ ನಿಜಕ್ಕೂ ಹೋಗಿತ್ತು. ಮುಖ್ಯ ಇಂಜಿನಿಯರ್ ಸಾಹೇಬರು ಅದನ್ನು ಓದಿ, ಕನ್ನಡಕ ತೆಗೆದು, ಅವಳನ್ನು ಒಳಗೆ ಕರೆದರು.

"ನೋಡಮ್ಮಾ, ಜಲ್ಲಿ, ಟಾರು, ರೋಲರು, ಕೂಲಿಯವರು, ಟೆಂಡರು... ಇದೆಲ್ಲ ಯಾಕೆ? ನಿನಗೆ ಬೇಕಾಗಿರೋದು ರಸ್ತೆ ಗುಣಮಟ್ಟ ಹೆಚ್ಚೋದು, ಅಲ್ವಾ?"

"ಹೌದು ಸರ್."

"ಗುಣಮಟ್ಟ ಅಂದ್ರೆ ನಿಯಮದ ಪ್ರಕಾರ ಏನು? ಗಾಡಿ ಸಾಮರ್ಥ್ಯ. ಗಾಡಿ ಚೆನ್ನಾಗಿದ್ರೆ ರಸ್ತೆ ತಾನಾಗೇ ಚೆನ್ನಾಗತ್ತೆ."

ಈ ತರ್ಕದಲ್ಲಿ ಲೋಪ ಹುಡುಕಲು ಇಂಜಿನಿಯರಮ್ಮ ಬಾಗಿಲ ತನಕ ಪ್ರಯತ್ನಿಸಿದಳು. ಅಷ್ಟರಲ್ಲಿ ಗಾಡಿಗೆ ಮಂಜೂರಾತಿ ಸಿಕ್ಕಿತ್ತು.

ಬಂದದ್ದು ಟರ್ಬೊ ಇಂಜಿನ್ನಿನ, ಗಾಢ ನೀಲಿ ಬಣ್ಣದ ಸ್ಪೋರ್ಟ್ಸ್ ಸೆಡಾನ್. ಇಂಜಿನ್ನು ಹೊರಗೆ ಬಿಡುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದರಿಂದ ಇಂಜಿನ್ನಿಗೆ ಮತ್ತಷ್ಟು ಗಾಳಿ ತುರುಕಿ, ಇನ್ನಷ್ಟು ಶಕ್ತಿ ತೆಗೆಯುವ ಏರ್ಪಾಡು ಅದರಲ್ಲಿತ್ತು. ತಾನೇ ಬಿಟ್ಟ ಹೊಗೆಯನ್ನು ತಾನೇ ಬಳಸಿಕೊಂಡು ಮೇಲೇರುವ ವಿಧಾನ ಸಾಹೇಬರಿಗೆ ಕೂಡಲೇ ಅರ್ಥವಾಯಿತು. ಗಾಡಿಯ ಹೊಟ್ಟೆ ನೆಲದಿಂದ ಒಂದು ಗೇಣಿಗಿಂತ ಮೇಲಿರಲಿಲ್ಲ. ಆಸ್ಪತ್ರೆ ರಸ್ತೆಯ ಹೊಂಡಗಳು ಅದಕ್ಕಿಂತ ಆಳವಾಗಿದ್ದವು. ಈ ಎರಡು ಅಳತೆಗಳನ್ನು ಒಟ್ಟಿಗೆ ನೋಡುವ ಅಧಿಕಾರ ಯಾವ ಒಂದು ವಿಭಾಗಕ್ಕೂ ಇರಲಿಲ್ಲ.

ಮೊದಲ ಓಟದಲ್ಲಿ ಗಾಡಿಯ ಮುಂದಿನ ಬಂಪರು ಲಾಂಡ್ರಿಯ ಎದುರು ಉಳಿಯಿತು. ಉಳಿದ ಗಾಡಿಯನ್ನು ಜೀಪಣ್ಣ ತಳ್ಳಿಸಿಕೊಂಡು ಬಂದ. ಜೀಪಿಗಿಂತ ನಿಧಾನ ಎಂದು ತೀರ್ಮಾನವಾಯಿತು. ಅಂದರೆ ಹೊಸ ಗಾಡಿಯಿಂದ ರಸ್ತೆ ಕೆಟ್ಟಿತ್ತು.

ಸಾಹೇಬರ ಭಾವಮೈದುನ ಇಂಜಿನಿಯರಮ್ಮನ ಮನೆಯ ಪಕ್ಕದಲ್ಲೇ ಗಾಡಿಗಳ ಶಕ್ತಿ ಹೆಚ್ಚಿಸುವ ಗ್ಯಾರೇಜು ನಡೆಸುತ್ತಿದ್ದ. ಅವನು ಬಂದು ಬಾನೆಟ್ಟು ಎತ್ತಿ, ಒಳಗೆಲ್ಲ ಇಣುಕಿ, ತಲೆಯಾಡಿಸುತ್ತ ನಿಂತ. ರೋಗಿಯ ಮನೆಯವರ ಮುಂದೆ ಡಾಕ್ಟರು ನಿಲ್ಲುವ ಹಾಗೆ.

"ಭಾವಾ, ಕಂಪನಿಯವರು ಇದರ ಕೈಕಾಲು ಕಟ್ಟಿಹಾಕಿ ಕಳಿಸಿದಾರೆ. ಕಂಪ್ಯೂಟರ್ ಬದಲಾಯಿಸಿ, ಟರ್ಬೊ ಒತ್ತಡ ಏರಿಸಿ, ದಪ್ಪ ಸೈಲೆನ್ಸರ್ ಪೈಪು ಹಾಕಿದ್ರೆ ಮೊದಲನೇ ಹಂತ."

"ಹಾಕು."

ಮೊದಲನೇ ಹಂತ ಆಯಿತು. ರಸ್ತೆಯಲ್ಲಿ ಸದ್ದು ಮಾತ್ರ ಸುಧಾರಿಸಿತು. ಎರಡನೇ ಹಂತವೂ ಆಯಿತು. ಗಾಡಿ ಈಗ ಮೊದಲನೆಯ ಹೊಂಡಕ್ಕೆ ಬಹಳ ಬೇಗ ತಲುಪುತ್ತಿತ್ತು, ಅದರಾಚೆ ಹೋಗುತ್ತಿರಲಿಲ್ಲ.

ಭಾವಮೈದುನ ಮನಸ್ಸಿಗೆ ಹಚ್ಚಿಕೊಂಡ. "ತಪ್ಪು ಗಾಡೀದಲ್ಲ ಭಾವಾ, ಅಳೆಯೋ ರೀತೀದು. ರಸ್ತೆ ಮೇಲೆ ಅಳೆದ್ರೆ ಗಾಳಿ, ಏರು, ಇಳಿಜಾರು, ಹೊಂಡ ಎಲ್ಲ ಅಡ್ಡ ಬರತ್ತೆ. ನಮ್ಮ ಗ್ಯಾರೇಜಿನ ರೋಲರ್ ಮೇಲೆ ಅಳೀರಿ. ಪ್ರಪಂಚದಲ್ಲೆಲ್ಲ ಹಾಗೇ ಅಳೆಯೋದು."

ಅವನು ಹೇಳಿದ್ದು ನಿಜ. ಗ್ಯಾರೇಜಿನ ನೆಲದಲ್ಲಿ ಹೂತಿಟ್ಟ ಕಬ್ಬಿಣದ ಉರುಳೆಗಳ ಮೇಲೆ ಗಾಡಿಯ ಚಕ್ರ ನಿಲ್ಲಿಸಿ, ನಾಲ್ಕೂ ಕಡೆ ಪಟ್ಟಿ ಬಿಗಿದು, ಎದುರಿಗೆ ಆಳೆತ್ತರದ ಫ್ಯಾನು ಹಚ್ಚಿದರೆ, ಗಾಡಿ ಇದ್ದಲ್ಲೇ ಇದ್ದು ಎಷ್ಟು ಬೇಕಾದರೂ ಓಡುತ್ತಿತ್ತು. ಜೀಪಣ್ಣ ಬೆಲ್ಟು ಹಾಕಿಕೊಂಡು ಕೂತ. ತನ್ನ ಜೀವಮಾನದಲ್ಲಿ ಅವನು ಮೂರನೇ ಗೇರಿನಾಚೆ ಹೋದವನಲ್ಲ. ಅಂದು ಎಲ್ಲ ಗೇರನ್ನೂ ಮುಟ್ಟಿ ಇಳಿದಾಗ ಅವನ ಕಣ್ಣಲ್ಲಿ ನೀರಿತ್ತು. "ಶಾಲೆ ಹತ್ರ ಮಾತ್ರ ನಿಧಾನ ಮಾಡಿದೆ ಸರ್" ಎಂದ.

ಶಕ್ತಿ ಶೇಕಡಾ ನಲವತ್ತು ಹೆಚ್ಚಿತ್ತು. ವೇಗ ಅಷ್ಟು ಹೆಚ್ಚಿರಲಿಲ್ಲ. ಎರಡರಲ್ಲಿ ದೊಡ್ಡದನ್ನು ತೆಗೆದುಕೊಳ್ಳುವುದು ಇಲಾಖೆಯ ವಾಡಿಕೆ.

"ಸರ್," ಎಂದಳು ಇಂಜಿನಿಯರಮ್ಮ, "ಗಾಡಿ ರಸ್ತೆ ಮೇಲೇ ಇರಲಿಲ್ಲ."

ಸಾಹೇಬರು ಇದನ್ನು ಗಂಭೀರವಾಗಿ ಪರಿಗಣಿಸಿದರು. ಅವರು ಯಾವ ಆಕ್ಷೇಪಣೆಯನ್ನೂ ತಳ್ಳಿಹಾಕುವವರಲ್ಲ. ಮರುದಿನವೇ ಆದೇಶ ಸಿದ್ಧವಾಯಿತು: "ಗ್ಯಾರೇಜಿನ ಉರುಳೆಗಳನ್ನು ಇನ್ನು ಮುಂದೆ ಆಸ್ಪತ್ರೆ ರಸ್ತೆಯ ಅವಿಭಾಜ್ಯ ಭಾಗವೆಂದು ಪರಿಗಣಿಸತಕ್ಕದ್ದು." ರಸ್ತೆಯ ಹೊಣೆ ಹೊತ್ತವಳಾದ್ದರಿಂದ ಅದಕ್ಕೆ ಅವಳ ಸಹಿ ಬೇಕಿತ್ತು.

ಅವಳು ಪೆನ್ನು ಹಿಡಿದು ಸುಮ್ಮನೆ ಕೂತಿದ್ದನ್ನು ಕಂಡು ಸಾಹೇಬರು ತಂದೆಯ ದನಿಯಲ್ಲಿ ಹೇಳಿದರು: "ನಿಮ್ಮತ್ತೆ ವಿಷಯ ನನಗೆ ಗೊತ್ತಮ್ಮಾ. ಕೆಟ್ಟ ರಸ್ತೆಗೆ ದುಡ್ಡು ಹಾಕೋದು ದುಂದು ಅಂತ ಮೇಲಿನ ಕಚೇರಿಯವರು ಒಂದು ಪೈಸೆ ಬಿಚ್ಚಲ್ಲ. ಒಳ್ಳೆ ರಸ್ತೆ ಅಂತಾದ್ರೆ ಮಾತ್ರ ನಿರ್ವಹಣೆ ಅನುದಾನ. ಮೊದಲು ರಸ್ತೆ ಚೆನ್ನಾಗಿದೆ ಅಂತ ಆಗಲಿ, ಆಮೇಲೆ ಸರಿ ಮಾಡೋಣ."

ಇಷ್ಟು ದಿನದಲ್ಲಿ ಅವಳಿಗೆ ಕೇಳಿಸಿದ ಮೊದಲ ಆಸೆಯ ಮಾತು ಅದು. ಸಹಿ ಹಾಕಿದಳು.

ಧ್ವನಿವರ್ಧಕ ಕಟ್ಟಿದ ವ್ಯಾನೊಂದು ಪ್ರಕಟಣೆ ಹೊತ್ತು ಹೊರಟಿತು. "ಸಾರ್ವಜನಿಕರ ಗಮನಕ್ಕೆ! ಆಸ್ಪತ್ರೆ ರಸ್ತೆಯು ಶೇಕಡಾ ನಲವತ್ತರಷ್ಟು ಸುಧಾರಿಸಿರುತ್ತದೆ. ಸುಧಾರಣೆ ಅನುಭವಕ್ಕೆ ಬಾರದವರು ತಮ್ಮ ವಾಹನವನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ನಡೆದು ಹೋಗುವವರು ತಮ್ಮ ಕಾಲನ್ನು ಪರೀಕ್ಷಿಸಿಕೊಳ್ಳತಕ್ಕದ್ದು." ವ್ಯಾನು ಇಂಜಿನಿಯರಮ್ಮನ ಮನೆಯೆದುರಿನ ಹೊಂಡದಲ್ಲಿ ಸಿಕ್ಕಿಕೊಂಡದ್ದರಿಂದ ಪ್ರಕಟಣೆ ಮಧ್ಯಾಹ್ನವಿಡೀ ಅಲ್ಲೇ ಮೊಳಗಿತು.

"ಕಾಲು ಪರೀಕ್ಷಿಸಿಕೊಳ್ಳಬೇಕಂತಲ್ಲೇ," ಎಂದರು ಅತ್ತೆ. "ಪರೀಕ್ಷೆ ಮಾಡಿಸೋಕೆ ಆಸ್ಪತ್ರೆಗೆ ಯಾವ ದಾರೀಲಿ ಹೋಗ್ಬೇಕು, ಅದನ್ನೂ ಕೂಗ್ತಾರಾ?"

"ಅನುದಾನ ಬರ್ತಿದೆ ಅತ್ತೆ. ಸ್ವಲ್ಪ ತಡ್ಕೊಳ್ಳಿ."

ಊರಿನವರು ಮೊದಲು ಗೊಣಗಿದರು. ಆಮೇಲೆ, ನಲವತ್ತು ಪರ್ಸೆಂಟು ಪಕ್ಕದ ಮನೆಯವನಿಗೆ ಸಿಕ್ಕು ತನಗೆ ಮಾತ್ರ ತಪ್ಪಿಹೋಗಿದೆಯೇನೋ ಎಂಬ ಅನುಮಾನ ಒಬ್ಬೊಬ್ಬರನ್ನೇ ಹಿಡಿಯಿತು. ಹಾಲಿನ ವ್ಯಾನಿನವನು ಗ್ಯಾರೇಜಿಗೆ ಹೋಗಿ ಮೊದಲನೇ ಹಂತ ಮಾಡಿಸಿಕೊಂಡ. ಶಾಲೆಯ ವ್ಯಾನು, ಶವದ ಗಾಡಿ ಎಲ್ಲ ಸಾಲಿಗೆ ನಿಂತವು. ಶವದ ಗಾಡಿಯವನು ಎರಡನೇ ಹಂತವೇ ಬೇಕೆಂದು ಹಟ ಹಿಡಿದ. ಒಳಗಿರುವವರಿಂದ ಈವರೆಗೆ ದೂರು ಬಂದಿಲ್ಲವಾದರೂ ಹೊರಗಿನವರಿಗೆ ಆತುರವಿತ್ತಂತೆ.

ಕೊನೆಗೂ ನಿರ್ವಹಣೆ ಅನುದಾನ ಬಂತು. ಲಾರಿ ಬರುತ್ತಿದೆ ಎಂದು ಸುದ್ದಿ ತಿಳಿದು ಇಂಜಿನಿಯರಮ್ಮ ಕಚೇರಿಯಿಂದ ಮನೆಗೆ ಓಡಿಬಂದಳು. ಅತ್ತೆ ಆಗಲೇ ಶಾಲು ಹೊದ್ದು, ಆಸ್ಪತ್ರೆಗೆ ಉಡುವ ಸೀರೆ ಉಟ್ಟು ಕಿಟಕಿಯಲ್ಲಿ ಕಾಯುತ್ತಿದ್ದರು. ಲಾರಿ ಹೊಂಡ ತಪ್ಪಿಸುತ್ತ, ಕುಡಿದವನ ಹಾಗೆ ಓಲಾಡುತ್ತ ಬಂದು ಗ್ಯಾರೇಜಿನ ಮುಂದೆ ನಿಂತಿತು.

"ಟಾರು ಬಂತೇನೇ?"

"ಫ್ಯಾನು ಬಂತು ಅತ್ತೆ. ದೊಡ್ಡದು."

"ರಸ್ತೆಗೆ ಫ್ಯಾನಾ?"

"ಗ್ರೀಸೂ ಬಂದಿದೆ." ಅವಳ ದನಿ ಅವಳಿಗೇ ಬೇರೆ ಯಾರದ್ದೋ ಅನಿಸಿತು.

ಅವಳು ಸಾಹೇಬರ ಕೊಠಡಿಗೆ ಹೋಗಿ, ಜೀವನದಲ್ಲಿ ಮೊದಲ ಸಲ, ಕೂರಲು ಹೇಳುವ ಮೊದಲೇ ಕೂತಳು. "ಸರ್, ಅನುದಾನ ರಸ್ತೆಗೆ ಬಂದಿದ್ದು."

"ರಸ್ತೆಗೇ ಹಾಕಿದೀವಲ್ಲಮ್ಮಾ. ಉರುಳೆ ರಸ್ತೆಯ ಭಾಗ. ನೀನೇ ಸಹಿ ಮಾಡಿದೀಯ. ಇರೋ ರಸ್ತೇಲಿ ಜಾಸ್ತಿ ಓಡಾಟ ಇರೋ ಭಾಗ ಯಾವುದು ಹೇಳು? ಆ ಹೊಂಡದ ಕಡೆಗೆ ಒಂದು ನಾಯಿನೂ ಹೋಗಲ್ಲ. ಯಾರೂ ಹೋಗದ ಕಡೆ ಟಾರು ಹಾಕಿದ್ರೆ ಲೆಕ್ಕ ತಪಾಸಣೆಯವರು ನಿನ್ನ ಬಿಡ್ತಾರಾ?"

ಬಿಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಅಂದಹಾಗೆ," ಎಂದರು ಸಾಹೇಬರು, "ಮೇಲಿನ ಕಚೇರಿಯಿಂದ ಒಬ್ಬರು ನೋಡೋಕೆ ಬರ್ತಿದಾರೆ. ರಸ್ತೆಯಿಂದ ಉಪಯೋಗ ಪಡೆದವರೊಬ್ಬರನ್ನ ತೋರಿಸಬೇಕಂತೆ. ನಿಮ್ಮತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ."

"ಯಾವ ದಾರೀಲಿ ಸರ್?"

"ಚೆನ್ನಾಗಿರೋ ದಾರೀಲಿ."

ಅವಳು ಬೇಡ ಎನ್ನಬಹುದಿತ್ತು. ಆದರೆ ತಪಾಸಣೆ ಚೆನ್ನಾಗಿ ನಡೆದರೆ ಮುಂದಿನ ಅನುದಾನದಲ್ಲಿ ಒಂದು ಪಾಲನ್ನು "ರಸ್ತೆಯ ಇತರೆ ಭಾಗಗಳಿಗೆ" ಕೊಡಲು ಪರಿಶೀಲಿಸುವುದಾಗಿ ಸಾಹೇಬರು ಹೇಳಿದರು. ಆ "ಇತರೆ" ಎಂಬ ಮಾತಿನೊಳಗೆ ಅತ್ತೆಯ ಎರಡು ಕಾಲೂ ಇದ್ದವು.

ಆ ದಿನ ಇಂಜಿನಿಯರಮ್ಮನೂ ಅವಳ ಗಂಡನೂ ಅತ್ತೆಯನ್ನು ಕುರ್ಚಿ ಸಮೇತ ಎತ್ತಿಕೊಂಡು ಪಕ್ಕದ ಗ್ಯಾರೇಜಿಗೆ ತಂದರು. ಮೇಲಿನ ಕಚೇರಿಯವರು ಮುಂದಿನ ಸೀಟಿನಲ್ಲಿ, ಅತ್ತೆ ಸೊಸೆ ಹಿಂದೆ. ಭಾವಮೈದುನ ಪಟ್ಟಿಗಳನ್ನು ಬಿಗಿದು ಫ್ಯಾನು ಹಚ್ಚಿದ. ಎದುರಿನ ಗೋಡೆಯ ಮೇಲೆ ಮರಗಳ ಚಿತ್ರ ಬರೆಸಿದ್ದರು.

ಗಾಡಿ ಗುಡುಗಿತು. ಮೇಲಿನ ಕಚೇರಿಯವರು ಸೀಟಿಗೆ ಅಂಟಿಕೊಂಡರು. ಮುಳ್ಳು ಏರುತ್ತ ಹೋಯಿತು. ಜೀಪಣ್ಣ ಮುಖ ಬಿಗಿದುಕೊಂಡು, ಕನ್ನಡಿ ನೋಡಿ, ಕೈ ತೋರಿಸಿ, ಯಾರನ್ನೋ ಹಿಂದೆ ಹಾಕಿದ. ನಂತರ ಹಾರ್ನು ಒತ್ತಿದ.

"ಆಸ್ಪತ್ರೆ ಹತ್ರ ಹಾರ್ನ್ ಹೊಡೀಬಾರದು ಕಣಯ್ಯಾ!" ಎಂದು ಭಾವಮೈದುನ ಹೊರಗಿನಿಂದ ಕೂಗಿದ.

"ತಪ್ಪಾಯ್ತು," ಎಂದು ಜೀಪಣ್ಣ ನಿಧಾನ ಮಾಡಿದ. ಮೀಟರಿನಲ್ಲಿ ಆಸ್ಪತ್ರೆಯಷ್ಟೇ ದೂರ ತೋರಿಸಿದಾಗ ಗಾಡಿ ನಿಂತಿತು. "ಬಂತು, ಇಳೀರಿ."

ಮೇಲಿನ ಕಚೇರಿಯವರು ಇಳಿದು, ತೂರಾಡಿ, ಕಂಬ ಹಿಡಿದುಕೊಂಡರು. "ಅದ್ಭುತ," ಎಂದರು. "ಒಂದು ಕುಲುಕಾಟ ಇಲ್ಲ. ಅಮ್ಮಾ, ನಿಮಗೆ ಹೇಗನ್ನಿಸ್ತು?"

ಎಲ್ಲರೂ ಅತ್ತೆಯನ್ನು ನೋಡಿದರು. ಅತ್ತೆಯ ಬಾಯಿ ಇಂಜಿನಿಯರಮ್ಮನಿಗೆ ಗೊತ್ತು.

ಅತ್ತೆ ಗೋಡೆಯನ್ನೂ ಫ್ಯಾನನ್ನೂ ಸೊಸೆಯ ಮುಖವನ್ನೂ ನಿಧಾನವಾಗಿ ನೋಡಿದರು. "ಸೊಂಟ ಅಲುಗಲಿಲ್ಲ," ಎಂದರು. ಅದು ಸತ್ಯವೂ ಆಗಿತ್ತು. ಚಪ್ಪಾಳೆ ಬಿತ್ತು.

"ಡಾಕ್ಟರೆಲ್ಲಿ?" ಎಂದು ಅತ್ತೆ ಕೇಳಿದರು.

"ಚಿಕಿತ್ಸೆ ಆರೋಗ್ಯ ಇಲಾಖೆಗೆ ಸೇರಿದ್ದಮ್ಮಾ," ಎಂದರು ಸಾಹೇಬರು ವಿನಯದಿಂದ. "ನಮ್ಮದು ಮುಟ್ಟಿಸೋದಷ್ಟೇ."

ಆಮೇಲೆ ವಾಪಸು ಪ್ರಯಾಣವೂ ಕ್ರಮಬದ್ಧವಾಗಿ ನಡೆಯಿತು. ಅಲ್ಲಿಂದ ಅತ್ತೆಯನ್ನು ಎತ್ತಿಕೊಂಡು ಮನೆಗೆ ತಂದರು. ಸಂಜೆಯ ಹೊತ್ತಿಗೆ ಸುದ್ದಿ ಬಂತು: ಆಸ್ಪತ್ರೆ ರಸ್ತೆಗೆ ಅತ್ಯುತ್ತಮ ದರ್ಜೆ, ಇತರೆ ಭಾಗಗಳ ಅಗತ್ಯ ಇನ್ನು ಉಳಿದಿಲ್ಲವಾದ್ದರಿಂದ ಅವುಗಳನ್ನು ಕೈಬಿಡಲಾಗಿದೆ, ಇಂಜಿನಿಯರಮ್ಮನಿಗೆ ಬಡ್ತಿ ಕೊಟ್ಟು ಊರಿನ ಎಲ್ಲ ಉರುಳೆಗಳ ಉಸ್ತುವಾರಿ ವಹಿಸಲಾಗಿದೆ. ಗಂಡ ಪತ್ರಿಕೆಯ ಹಿಂದಿನಿಂದಲೇ ಅಭಿನಂದಿಸಿದ.

ಅವಳು ಅತ್ತೆಯ ಕಾಲಬಳಿ ಕೂತು ಎಣ್ಣೆ ತಿಕ್ಕತೊಡಗಿದಳು.

"ಅಲ್ಲಾ ಕಣೇ," ಎಂದರು ಅತ್ತೆ, "ಆಸ್ಪತ್ರೆಗೆ ಹೋದ್ವಿ ಅಂತೀಯ. ಮತ್ತೆ ನೋವು ಹಾಗೇ ಇದೆಯಲ್ಲ?"

ಇಂಜಿನಿಯರಮ್ಮನ ಕೈ ನಿಂತಿತು. ಹೇಳಬೇಕಾದ ಮಾತು ಗಂಟಲ ತನಕ ಬಂದು, ಅಲ್ಲಿ ಸಹಿ ಹಾಕಿಸಿಕೊಂಡು, ಬೇರೆಯೇ ಆಗಿ ಹೊರಬಿತ್ತು.

"ವಾಪಸ್ ಬಂದ್ವಲ್ಲ ಅತ್ತೆ."

ಅತ್ತೆ ಯೋಚಿಸಿದರು. "ಅದೂ ಸರಿ. ಮುಂದಿನ ವಾರ ಸ್ವಲ್ಪ ಬೇಗ ಹೊರಡೋಣ. ಡಾಕ್ಟರು ಸಿಕ್ಕರೂ ಸಿಗಬಹುದು."

"ಬೇಗ ಹೊರಡೋದೇನೂ ಬೇಡ," ಎಂದಳು ಸೊಸೆ, ಮತ್ತೆ ಎಣ್ಣೆ ತಿಕ್ಕುತ್ತ. "ಮೂರನೇ ಹಂತ ಮಂಜೂರಾಗಿದೆ. ಎಷ್ಟು ಹೊತ್ತಿಗೆ ಹೊರಟರೂ ಬೇಗ ತಲುಪ್ತೀವಿ."