ನೆಗೆಣ್ಣಿಯ ಟಗಲಾಗ್ ಕಾರ್ಟೂನು

ನಮ್ಮ ಮನೆಯಲ್ಲಿ ನಗುವುದಕ್ಕೆ ಯಾರೂ ಕಷ್ಟಪಡಬೇಕಿಲ್ಲ, ನೆಗೆಣ್ಣಿ ಫೋನಿನಲ್ಲಿ ತನ್ನ ಕಾರ್ಟೂನು ಹಚ್ಚಿದರೆ ಸಾಕು. ನನ್ನ ಮೈದುನ ಕತಾರಿನಲ್ಲಿ ಕೆಲಸಕ್ಕಿದ್ದಾಗ ಫಿಲಿಪೀನ್ಸಿನ ನರ್ಸ್ ಒಬ್ಬಳನ್ನು ಮದುವೆಯಾಗಿ ಏಕಸಂಬಿಗೆ ಕರೆತಂದ. ಅವಳೇ ಈ ನೆಗೆಣ್ಣಿ. ಎರಡು ವರ್ಷದಲ್ಲಿ ನಮ್ಮ ಮಾತು ಕಲಿತಳು, ರೊಟ್ಟಿ ಬಡಿಯುವುದನ್ನೂ ಕಲಿತಳು. ಬಿಡದೇ ಉಳಿದದ್ದು ಒಂದೇ, ಚಿಕ್ಕಂದಿನಲ್ಲಿ ಅವಳ ಊರಲ್ಲಿ ಶಾಲೆ ಬಿಟ್ಟ ಕೂಡಲೇ ಓಣಿಯ ಮಕ್ಕಳೆಲ್ಲ ಒಂದೇ ಟಿವಿ ಮುಂದೆ ಕೂತು ನೋಡುತ್ತಿದ್ದ ಬಾಸ್ಕೆಟ್‌ಬಾಲ್ ಕಾರ್ಟೂನು. ಚಿತ್ರ ಜಪಾನಿನದು, ಮಾತು ಅವರ ಟಗಲಾಗ್ ಭಾಷೆಯದು. ಅದನ್ನೇ ಜಪಾನಿ ಮಾತಿನಲ್ಲಿ ಹಚ್ಚಿಕೊಟ್ಟರೆ, "ಇವರು ಬ್ಯಾರೆ ಯಾರೋ ಅಕ್ಕಾ, ನಮ್ಮ ಹುಡುಗರಲ್ಲ" ಎಂದು ಆರಿಸಿಬಿಡುತ್ತಾಳೆ.

೧. ಇಪ್ಪತ್ತನೇ ಸೋಲು

ಒಂದು ಮಧ್ಯಾಹ್ನ ಅವಳ ಕೋಣೆಯಿಂದ ಬಿಕ್ಕಳಿಸುವ ಸದ್ದು ಕೇಳಿತು. ತವರಿನಿಂದ ಕೆಟ್ಟ ಸುದ್ದಿ ಬಂದಿದೆ ಎಂದುಕೊಂಡು ಅತ್ತೆ ನೀರಿನ ತಂಬಿಗೆ ಹಿಡಿದು ಓಡಿದರು.

"ಏನಾತವಾ?"

"ನಮ್ಮ ಟೀಮ್ ಸೋತೈತ್ರಿ ಅತ್ತಿ," ಎಂದು ಅವಳು ಫೋನು ತೋರಿಸಿದಳು.

"ಇದನ್ನ ಈಗ ನೋಡಾಕತ್ತಿಯೇನು?"

"ಇಲ್ರಿ, ಇಪ್ಪತ್ತ ಸಲ ನೋಡೇನಿ."

"ಸೋಲ್ತಾರಂತ ಗೊತ್ತೈತಲ್ಲ, ಮತ್ಯಾಕ ಅಳ್ತಿ?"

"ಈ ಸಲರ ಗೆಲ್ತಾರೇನೋ ಅನ್ಕೊಂಡಿದ್ನಿ."

೨. ಗಾಳಿಯಲ್ಲಿದ್ದ ಚೆಂಡು

ಆ ಕಾರ್ಟೂನಿನಲ್ಲಿ ಒಬ್ಬ ಚೆಂಡು ಎಸೆದರೆ ಅದು ಬುಟ್ಟಿಗೆ ಮುಟ್ಟುವುದರೊಳಗೆ ತಾಯಿಯನ್ನು ನೆನೆಯುತ್ತಾನೆ, ಗುರುಗಳನ್ನು ನೆನೆಯುತ್ತಾನೆ, ಮೊದಲ ಸಲ ಬಿದ್ದದ್ದನ್ನೂ ನೆನೆಯುತ್ತಾನೆ. ಹೊಲಕ್ಕೆ ಹೊರಟ ಮಾವ ಬಾಗಿಲಲ್ಲಿ ನಿಂತು ಅವನು ಎಸೆಯುವುದನ್ನು ನೋಡಿದರು. ಮೋಟರು ಚಾಲೂ ಮಾಡಿ, ಕಬ್ಬಿಗೆ ನೀರು ತಿರುವಿ, ಚಹಾ ಕುಡಿದು ಬಂದರು. ಚೆಂಡು ಇನ್ನೂ ಗಾಳಿಯಲ್ಲೇ ಇತ್ತು.

ಮಾವ ಸಾವಕಾಶ ಟೋಪಿ ತೆಗೆದು ಕೇಳಿದರು, "ಒಂದ ಚೆಂಡ ಬೀಳಾಕ ಇಷ್ಟ ಹೊತ್ತಾದ್ರ, ಇವರ ಕಬ್ಬ ಯಾವಾಗ ಬೆಳೀಬೇಕವಾ?"

೩. ಅತ್ತೆ ಹೇಳಿದ ಕತೆ

ಅತ್ತೆಗೆ ಟಗಲಾಗ್ ಒಂದು ಅಕ್ಷರವೂ ಬಾರದು. ಆದರೂ ದಿನಾ ಸೊಸೆಯ ಪಕ್ಕ ಕೂತು ನೋಡಿ, ನೆರೆಮನೆಯವರಿಗೆ ಪೂರ್ತಿ ಕತೆ ಹೇಳುತ್ತಿದ್ದರು. "ಆ ಮುದುಕ ಕೋಚ್ ಅದಾನಲ್ಲ, ಅಂವ ಹುಡುಗನ ಸ್ವಾದರಮಾವ. ಮಗಳನ್ನ ಕೊಡಾಂವ ಅದಾನ, ಆದ್ರ ಗೆದ್ದ ಬರ್ಲಿ ಅಂತ ಕಾಯಾಕತ್ತಾನ."

ನೆಗೆಣ್ಣಿಗೆ ಬೇಸರವಾದೀತೆಂದು ನಾನು ಅಂಜಿದೆ. ಅವಳು ತಕ್ಷಣ ತನ್ನ ತವರೂರಿನ ಗೆಳತಿಗೆ ವಿಡಿಯೋ ಕಾಲ್ ಮಾಡಿದಳು. ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ಕೊನೆಗೆ ಫೋನಿಟ್ಟು ಗಂಭೀರವಾಗಿ ಹೇಳಿದಳು:

"ಆಕೀನೂ ಒಪ್ಪಿದಳು ಅಕ್ಕಾ. ಇಷ್ಟ ವರ್ಷ ನಮಗ ತಿಳದಿದ್ದಿಲ್ಲ, ಅಂವ ಸ್ವಾದರಮಾವನ."

೪. ಬೋಲಾ

ನಾನು ಚಿಕ್ಕೋಡಿಯ ಒಂದು ಶಾಲೆಯಲ್ಲಿ ಆಟದ ಟೀಚರು. ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಮೂರು ವರ್ಷ ಮೊದಲ ಪಂದ್ಯದಲ್ಲೇ ಸೋತು ಬಂದಿತ್ತು. "ಈ ಸಲಾನೂ ಸೋತ್ರ ಆ ಕಂಬ ಕಿತ್ತಸಿ ಖೋಖೋ ಆಡಸೂಣ್ರಿ ಟೀಚರ್," ಎಂದರು ಹೆಡ್‌ಮಾಸ್ತರು. ನಾನು ನೆಗೆಣ್ಣಿಯನ್ನು ಕರೆದುಕೊಂಡು ಹೋದೆ. ಚಿಕ್ಕಂದಿನಿಂದ ಕಾರ್ಟೂನಿನಲ್ಲಿ ನೋಡಿದ್ದನ್ನೆಲ್ಲ ಅವಳು ಎರಡು ತಿಂಗಳು ಹುಡುಗಿಯರಿಗೆ ಕಲಿಸಿದಳು.

ರಾಯಬಾಗದಲ್ಲಿ ಪಂದ್ಯ, ಎದುರಿಗೆ ಕಾಗವಾಡದ ಕಡೆಯ ತಂಡ. ಕೊನೆಯ ಗಳಿಗೆಯಲ್ಲಿ ನಾವು ಒಂದು ಪಾಯಿಂಟು ಹಿಂದಿದ್ದೆವು, ಚೆಂಡು ಅವರ ಹುಡುಗಿಯ ಕೈಯಲ್ಲಿತ್ತು. ನೆಗೆಣ್ಣಿಗೆ ಕನ್ನಡ ಮರೆತೇಹೋಯಿತು. ಗೆರೆಯ ಆಚೆ ನಿಂತು "ಬೋಲಾ, ಬೋಲಾ" ಎಂದು ಕೂಗಿದಳು. ಟಗಲಾಗಿನಲ್ಲಿ ಬೋಲಾ ಎಂದರೆ ಚೆಂಡು. ಆದರೆ ಆ ಹುಡುಗಿಯ ಮನೆಮಾತು ಮರಾಠಿ, ಅದರಲ್ಲಿ ಬೋಲಾ ಎಂದರೆ ಮಾತಾಡಿ.

ಹುಡುಗಿ ನಿಂತಳು. ತಿರುಗಿ, ಬಹಳ ವಿನಯದಿಂದ, "ಕಾಯ್ ಬೋಲೂ, ಕಾಕೂ?" ಎಂದಳು. ಏನು ಮಾತಾಡಲಿ ಚಿಕ್ಕಮ್ಮಾ ಎಂದು ಅವಳು ಕೇಳುವಷ್ಟರಲ್ಲಿ ನಮ್ಮವಳೊಬ್ಬಳು ಅವಳ ಕೈಯಿಂದ ಚೆಂಡು ಕಸಿದು ಬುಟ್ಟಿಗೆ ಹಾಕಿದಳು. ಹೊತ್ತು ಮುಗಿಯಿತು. ಗೆದ್ದೆವು.

ಅವರ ಟೀಚರು ತಕರಾರು ತೆಗೆದರು. ರೆಫ್ರಿ ಹುಡುಗಿಯನ್ನು ಕರೆದು, "ಆಟ ಬಿಟ್ಟ ಯಾಕ ನಿಂತಿ?" ಎಂದು ಕೇಳಿದರು.

"ಹಿರ್ಯಾರು ಮಾತಾಡು ಅಂದ್ರ ಸುಮ್ನ ಹೆಂಗ ಇರೂದ್ರಿ ಸರ್?"

ಆ ಟೀಚರು ರೆಫ್ರಿಯತ್ತ ತಿರುಗಿದರು. "ನೀವರ ಸೀಟಿ ಊದಿ ಆಟ ನಿಂದ್ರಸಬೇಕಿತ್ತಲ್ರಿ?"

ರೆಫ್ರಿಯೂ ಕಾಗವಾಡದವರೇ, ಅವರ ಮನೆಮಾತೂ ಮರಾಠಿ. ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು:

"ನಾನೂ ಏನರ ಮಾತಾಡಬೇಕಂತ ಸೀಟಿ ಬಾಯಿಂದ ತಗದಿದ್ನಿ."